ಸ್ಪೇನಿನಲ್ಲಿ ಅಪ್ರದಕ್ಷಿಣೆ

ಐವತ್ತಾರನೆಯ ವಯಸ್ಸಿನಲ್ಲಿ, ಮೂರನೆಯ ಸಲಕ್ಕೆ ಪಾಸಾಗಿ ರೇಣುಕಾ ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಂಡಾಗ ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಗಂಡ ಬದರಿನಾಥ್ ಅರ್ಧ ಕಿಲೋ ಮೈಸೂರು ಪಾಕು ತಂದರು. ಮಗ ಸುಹಾಸ್ ಲೈಸೆನ್ಸಿನ ಫೋಟೊ ತೆಗೆದು ನೆಂಟರ ಗುಂಪಿಗೆಲ್ಲ ಕಳಿಸಿದ. ಅದಾಗಿ ಎರಡೂವರೆ ವರ್ಷಕ್ಕೆ ಅದೇ ರೇಣುಕಾ "ನಾನು ಓಡಿಸ್ತೀನಿ" ಎಂದಾಗ ಮಾತ್ರ ಊಟದ ಮೇಜಿನ ಸುತ್ತ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಅವರದೂ ತಪ್ಪಿಲ್ಲ ಬಿಡಿ. ಸಿಂಗಪುರದಲ್ಲಿ ಕಾರು ಕೊಳ್ಳುವುದೆಂದರೆ ಆನೆ ಸಾಕಿದ ಹಾಗೆ. ಬುಕಿತ್ ಪಂಜಾಂಗಿನ ಎಂಟನೇ ಮಹಡಿಯ ಆ ಫ್ಲಾಟಿನಲ್ಲಿ ಯಾರಿಗೂ ಕಾರಿರಲಿಲ್ಲ. ಬದರಿನಾಥ್ ಇಪ್ಪತ್ತೈದು ವರ್ಷ ಎಲ್‌ಆರ್‌ಟಿ ರೈಲು ಇಳಿದು ಎಂಆರ್‌ಟಿ ರೈಲು ಹತ್ತಿ ರಾಫೆಲ್ಸ್ ಪ್ಲೇಸಿನ ಬ್ಯಾಂಕಿಗೆ ಹೋಗಿಬಂದು ರಿಟೈರ್ ಆದವರು, ಕಾರು ಓಡಿಸಲು ಕಲಿತೇ ಇರಲಿಲ್ಲ. ರೇಣುಕಾ ಕಲಿತದ್ದು ಹಟಕ್ಕೆ. ಕಲಿತ ಮೇಲೆ ಲೈಸೆನ್ಸು ಅವರ ಪರ್ಸಿನಲ್ಲಿ ದೇವಸ್ಥಾನದ ಕುಂಕುಮದ ಪೊಟ್ಟಣದ ಪಕ್ಕ ಸುಮ್ಮನೆ ಕುಳಿತಿತ್ತು.

ಅದನ್ನು ಎಬ್ಬಿಸಿದ್ದು ಬದರಿನಾಥರ ಕ್ರೆಡಿಟ್ ಕಾರ್ಡು. ಅಕ್ಕಿ ಬೇಳೆಯಿಂದ ಹಿಡಿದು ಮೊಮ್ಮಗಳು ಅದ್ವಿಕಾಳ ಸ್ಕೂಲ್ ಬ್ಯಾಗಿನವರೆಗೆ ಎಲ್ಲವನ್ನೂ ಅದೇ ಕಾರ್ಡಿನಲ್ಲಿ ಕೊಂಡು ಅವರು ಕೂಡಿಟ್ಟ ಏರ್‌ಲೈನ್ ಮೈಲುಗಳು ಅಕ್ಟೋಬರಿಗೆ ರದ್ದಾಗುತ್ತವೆ ಎಂದು ಜುಲೈಯಲ್ಲಿ ಮೆಸೇಜ್ ಬಂತು. ಎರಡು ಸೀಟು ಸಿಕ್ಕಿದ್ದು ಸ್ಪೇನಿನ ಬಾರ್ಸಿಲೋನಾಗೆ, ಸೆಪ್ಟೆಂಬರ್ ಮೊದಲ ವಾರಕ್ಕೆ. ಅದ್ವಿಕಾಳಿಗೆ ಆಗ ಶಾಲೆಗೂ ರಜೆ. ಸೊಸೆ ನವ್ಯಾ ಆ ವಾರ ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಒಪ್ಪಿಕೊಂಡಳು. ಬದರಿನಾಥ್ ಅಂದುಕೊಂಡದ್ದು ಒಂದೇ ಊರಿನಲ್ಲಿದ್ದು ಚರ್ಚು, ಮ್ಯೂಸಿಯಂ ನೋಡಿ ಬರುವುದು. ರೇಣುಕಾ ಮೂರು ದಿನ ಮ್ಯಾಪು ಹಿಡಿದು ಕುಳಿತವರು ಬೇರೆಯೇ ಲೆಕ್ಕ ಹಾಕಿದ್ದರು.

"ಶುಕ್ರವಾರ ಬೆಳಿಗ್ಗೆ ಕಾರು ತಗೊಳ್ಳೋದು, ಭಾನುವಾರ ಸಂಜೆ ವಾಪಸ್ ಕೊಡೋದು. ಮೊದ್ಲು ವಿಲಾಫ್ರಾಂಕಾ, ಬರೀ ದ್ರಾಕ್ಷಿ ತೋಟ. ಆಮೇಲೆ ಟಾರಗೋನಾ, ರೋಮನ್ನರು ಕಟ್ಟಿದ್ದು ಸಮುದ್ರದ ಪಕ್ಕದಲ್ಲೇ ಇನ್ನೂ ಇದೆಯಂತೆ. ಶನಿವಾರ ಮೊಂಟ್‌ಬ್ಲಾಂಕು, ಸುತ್ತಲೂ ಕೋಟೆ ಗೋಡೆ. ಅಲ್ಲಿಂದ ಬೆಟ್ಟ ಹತ್ತಿದ್ರೆ ಪ್ರಿಯೊರಾತ್. ಸೆಪ್ಟೆಂಬರ್‌ನಲ್ಲಿ ಅಲ್ಲಿ ದ್ರಾಕ್ಷಿ ಕೊಯ್ತಾರೆ ಕಣ್ರಿ!"

"ವೈನ್ ಮಾಡೋ ಊರಿಗೆ ನಾವ್ಯಾಕೆ ಹೋಗ್ಬೇಕು? ನಾವು ಕುಡಿಯೋದೇ ಇಲ್ವಲ್ಲೇ," ಎಂದರು ಬದರಿನಾಥ್.

"ತಿರುಪತಿಗೆ ಹೋಗೋರೆಲ್ಲ ತಲೆ ಬೋಳಿಸ್ಕೋತಾರೇನ್ರಿ?"

ನವ್ಯಾ ಸಾರನ್ನದ ತುತ್ತು ಕೈಯಲ್ಲೇ ಹಿಡಿದು ನಕ್ಕಳು. ಸುಹಾಸ್ ನಗಲಿಲ್ಲ. "ಸರಿ, ಓಡಿಸೋದು ಯಾರು?" ಎಂದ. ಆಗಲೇ ರೇಣುಕಾ ಆ ಮಾತು ಹೇಳಿದ್ದು.

"ಅಮ್ಮ, ಅಲ್ಲಿ ಸ್ಟೀರಿಂಗ್ ಎಡಗಡೆ, ಗಾಡಿ ಹೋಗೋದು ಬಲಗಡೆ. ನೀನು ಇಲ್ಲೇ ಎಲ್ಲಿ ಓಡಿಸಿದೀಯ? ಹೈವೇನಲ್ಲಿ ನೂರಿಪ್ಪತ್ತರಲ್ಲಿ ಹೋಗ್ತಾರೆ."

"ನಾನು ತೊಂಬತ್ತರಲ್ಲಿ ಹೋಗ್ತೀನಿ."

"ಹೆಚ್ಚುಕಮ್ಮಿ ಆದ್ರೆ?"

"ಆದ್ರೆ ಏನು, ಆಮೇಲೆ ಅಡುಗೆ ಯಾರು ಮಾಡ್ತಾರೆ ಅಂತ ಯೋಚನೆನಾ?"

ಸುಹಾಸನ ಮುಖ ಕೆಂಪಾಯಿತು. "ಛೆ, ಏನಮ್ಮ ನೀನು! ನಂಗೆ ಭಯ ಆಗುತ್ತೆ ಅಷ್ಟೆ. ನಾವೂ ಬರ್ತೀವಿ, ಐದು ಜನ ಒಟ್ಟಿಗೆ ಹೋಗೋಣ, ನಾನು ಡ್ರೈವ್ ಮಾಡ್ತೀನಿ. ನೀನು ಹಿಂದೆ ಆರಾಮಾಗಿ ಕೂತ್ಕೋ."

"ನಾನು ಹಿಂದೆ ಆರಾಮಾಗಿ ಕೂತು ಮೂವತ್ತನಾಲ್ಕು ವರ್ಷ ಆಯ್ತಪ್ಪ," ಎಂದು ರೇಣುಕಾ ಮಜ್ಜಿಗೆ ಬಡಿಸಿದರು.

ಮಾತು ಅಲ್ಲಿಗೆ ನಿಂತಿತೇ ಹೊರತು ತೀರ್ಮಾನವಾಗಲಿಲ್ಲ. ಸುಹಾಸ್ ಕೆಟ್ಟ ಹುಡುಗನಲ್ಲ. ಅಮ್ಮನಿಗೆ ನೆಗಡಿಯಾದರೆ ತಾನೇ ಕಷಾಯ ಕಾಯಿಸುವವನು. ಆದರೆ ಅವನ ಪ್ರೀತಿಗೆ ಒಂದು ಚಾಳಿ, ಎದುರಿನವರ ಕೈಯಲ್ಲಿ ಏನಿದ್ದರೂ ಕಿತ್ತುಕೊಂಡು ತಾನೇ ಹೊರುವುದು. ರೇಣುಕಾಗೆ ಬೇಕಾಗಿದ್ದದ್ದು ಒಂದೇ. ಒಂದು ವೀಕೆಂಡು, ತಾವು, ತಮ್ಮ ಗಂಡ, ತಮ್ಮ ಕೈಯಲ್ಲಿ ಸ್ಟೀರಿಂಗು. ಅದಕ್ಕಿಂತ ಒಂದು ಅಂಗುಲ ಹೆಚ್ಚು ಬೇಡ, ಕಡಿಮೆಯೂ ಬೇಡ.

ಮರುದಿನದಿಂದಲೇ ತಾಲೀಮು ಶುರುವಾಯಿತು. ಬೆಳಗಿನ ಕಾಫಿ ಮುಗಿಸಿ ರೇಣುಕಾ ಒಂದು ಸ್ಟೀಲ್ ತಟ್ಟೆಯನ್ನು ಸ್ಟೀರಿಂಗಿನಂತೆ ಹಿಡಿದು ಊಟದ ಮೇಜಿನ ಸುತ್ತ ಹೊರಡುವರು. ಬಲಗಡೆಯಲ್ಲಿ ಬದರಿನಾಥ್ ಮ್ಯಾಪು ಹಿಡಿದು ಜೊತೆಗೆ ನಡೆಯುವರು. ಕುರ್ಚಿಗಳೆಲ್ಲ ಲಾರಿಗಳು. ಏಳು ವರ್ಷದ ಅದ್ವಿಕಾ ಪೊಲೀಸು.

ತೊಂದರೆ ಬಂದದ್ದು ಸರ್ಕಲ್ಲಿನಲ್ಲಿ. ಮೇಜೇ ಸರ್ಕಲ್ಲು ಎಂದುಕೊಂಡು ಅದರ ಸುತ್ತ ಬರಬೇಕು. ರೇಣುಕಾ ಪ್ರತಿಸಲವೂ ಮೇಜನ್ನು ಬಲಕ್ಕಿಟ್ಟುಕೊಂಡೇ ಹೊರಡುತ್ತಿದ್ದರು. ಸಿಂಗಪುರದ ರಸ್ತೆಯಲ್ಲಿ ಅದು ಸರಿ, ಶುಕ್ರವಾರದ ದೇವಸ್ಥಾನದಲ್ಲೂ ಅದೇ ಸರಿ.

"ಅಜ್ಜಿ, ರಾಂಗ್ ಸೈಡ್ ಲಾ! ಫೈನ್ ಹಾಕ್ತೀನಿ!"

"ಅಲ್ಲಿ ಉಲ್ಟಾ ಕಣೆ. ಅಪ್ರದಕ್ಷಿಣೆ ಬರ್ಬೇಕು," ಎಂದರು ಬದರಿನಾಥ್.

ರೇಣುಕಾ ತಟ್ಟೆ ಕೆಳಗಿಳಿಸಿದರು. "ಶಾಂತಂ ಪಾಪಂ! ಸಾವಿನ ಮನೇಲಿ ಸುತ್ತೋ ಹಾಗೆ ಸುತ್ತಬೇಕಾ? ಹೊಸ ಊರಿಗೆ ಕಾಲಿಡ್ತಿದ್ದ ಹಾಗೇನೇ?"

"ಅವರ ದೇಶದಲ್ಲಿ ಅದೇ ಶುಭ ಅಂದ್ಕೋ."

"ನೀವು ಅಂದ್ಕೊಳ್ಳಿ. ನನ್ನ ಕಾಲು ಅಂದ್ಕೋಬೇಕಲ್ಲ!"

ಆದರೂ ಬಿಡಲಿಲ್ಲ. ದಿನಕ್ಕೆ ಇಪ್ಪತ್ತೊಂದು ಸುತ್ತು. ಆಗಸ್ಟ್ ಮೊದಲ ವಾರದ ಹೊತ್ತಿಗೆ ಕಾಲು ದಾರಿಗೆ ಬಂತು. ಮನೆಯಲ್ಲಿ ಹಬ್ಬದ ಕಳೆ ಬಂದಿತ್ತು. ಹುಳಿ ಎರಡು ದಿನ ಉಪ್ಪಿಲ್ಲದೆ ಇಳಿಯಿತು, ಯಾರೂ ಕೇಳಲಿಲ್ಲ. ಬದರಿನಾಥ್ ಸ್ಪ್ಯಾನಿಷ್‌ನಲ್ಲಿ "ನಮಗೆ ಮಾಂಸ ಬೇಡ, ಮೀನೂ ಬೇಡ" ಎಂಬುದನ್ನು ಬಾಯಿಪಾಠ ಮಾಡಿ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳತೊಡಗಿದರು.

ಸುಹಾಸ್ ಒಂದು ಷರತ್ತು ಹಾಕಿದ. ಒಂದು ಭಾನುವಾರ ಬಾಡಿಗೆ ಕಾರು ತರುವುದು, ಅಮ್ಮ ಬುಕಿತ್ ಪಂಜಾಂಗಿನಿಂದ ಈಸ್ಟ್ ಕೋಸ್ಟಿನ ಕಡಲತೀರದವರೆಗೆ ಓಡಿಸುವುದು, ಪಕ್ಕದಲ್ಲಿ ತಾನು ಕೂರುವುದು. ರೇಣುಕಾ ಒಪ್ಪಿದರು. ಆಟೋಮ್ಯಾಟಿಕ್ ಗಾಡಿ ಬಂತು. ಹೊರಟು ಐದು ನಿಮಿಷವಾಗಿರಲಿಲ್ಲ, ಸುಹಾಸ್ ತಲೆಯ ಮೇಲಿನ ಹಿಡಿ ಹಿಡಿದುಕೊಂಡ.

"ಬ್ರೇಕ್! ಅಮ್ಮ, ಬ್ರೇಕ್!"

"ಆ ಬಸ್ಸು ಇನ್ನೂ ಅಲ್ಲಿದೆಯಲ್ಲೋ."

"ಲೇನ್ ನೋಡು, ಲೇನ್! ಕನ್ನಡಿ ನೋಡಿದ್ಯಾ? ನಿಧಾನ! ಅಯ್ಯೋ, ಇಷ್ಟು ನಿಧಾನ ಬೇಡ!"

ಹಿಂದಿನ ಸೀಟಿನಲ್ಲಿದ್ದ ನವ್ಯಾ, "ಸುಹಾಸ್, ಸುಮ್ನಿರ್ತೀಯಾ? ಅತ್ತೆ ಚೆನ್ನಾಗೇ ಓಡಿಸ್ತಿದಾರೆ," ಎಂದಳು. ಅವನು ಕೇಳಲಿಲ್ಲ. ಬ್ರೇಕು ತನ್ನ ಕಾಲಡಿ ಇದೆಯೆಂದುಕೊಂಡು ನೆಲವನ್ನೇ ತುಳಿಯುತ್ತಿದ್ದ. ಕೊನೆಗೆ ರೇಣುಕಾ ಒಂದು ಕಾರ್‌ಪಾರ್ಕಿಗೆ ತಿರುಗಿಸಿ, ಗೆರೆಗಳ ನಡುವೆ ನೀಟಾಗಿ ನಿಲ್ಲಿಸಿ ಇಳಿದರು. ಕೀ ಮಗನ ಕೈಗಿಟ್ಟರು.

"ತಗೋ, ನೀನೇ ಓಡ್ಸು. ನೀನು ಪಕ್ಕದಲ್ಲಿ ಕೂತ್ರೆ ನಂಗೆ ರಸ್ತೆ ಕಾಣಲ್ಲ ಕಣೋ, ನಿನ್ನ ಮುಖಾನೇ ಕಾಣುತ್ತೆ."

ಆ ರಾತ್ರಿ ನವ್ಯಾ ಗಂಡನೊಡನೆ ಮಾತು ಬಿಟ್ಟಳು. ಸುಹಾಸ್ ಮೆತ್ತಗಾಗಿದ್ದ, ಇನ್ನೇನು ಸೋಲೊಪ್ಪಿಕೊಳ್ಳುವವನಿದ್ದ. ಅಷ್ಟರಲ್ಲಿ ಬದರಿನಾಥರ ಬುದ್ಧಿವಂತಿಕೆ ಬಯಲಾಯಿತು. ಸ್ಪೇನಿನ ಕಾರಿನ ಬುಕಿಂಗ್ ಕಾಗದವನ್ನು ಪ್ರಿಂಟ್ ಮಾಡುತ್ತಿದ್ದ ಸುಹಾಸ್ ಒಂದು ಸಾಲಿನ ಮೇಲೆ ಬೆರಳಿಟ್ಟ.

"ಅಪ್ಪ, ಇದು ಗೇರಿನ ಗಾಡಿ. ಮ್ಯಾನುವಲ್. ಅಮ್ಮನ ಲೈಸೆನ್ಸ್ ಆಟೋಮ್ಯಾಟಿಕ್‌ಗೆ ಮಾತ್ರ. ಇದನ್ನ ಮುಟ್ಟೋ ಹಾಗೇ ಇಲ್ಲ."

ಬದರಿನಾಥ್ ಕನ್ನಡಕ ಏರಿಸಿ ನೋಡಿದರು. "ಅಗ್ಗ ಇತ್ತು ಕಣೋ. ಕಾರು ಕಾರೇ ಅಲ್ವಾ ಅಂದ್ಕೊಂಡೆ."

"ಇಪ್ಪತ್ತೈದು ವರ್ಷ ಬ್ಯಾಂಕಲ್ಲಿ ಸಣ್ಣಕ್ಷರ ಓದಿದೀರ!"

ಫೋನು ಮಾಡಿ ಕೇಳಿದರೆ ಆ ಅಂಗಡಿಯಲ್ಲಿ ಆಟೋಮ್ಯಾಟಿಕ್ ಗಾಡಿ ಒಂದೂ ಉಳಿದಿರಲಿಲ್ಲ. ದ್ರಾಕ್ಷಿ ಕೊಯ್ಲಿನ ವಾರ, ಎಲ್ಲ ಹೋಗಿತ್ತು. ಗೇರಿನ ಗಾಡಿಯ ಲೈಸೆನ್ಸು ಆ ಮನೆಯಲ್ಲಿ ಇದ್ದದ್ದು ಸುಹಾಸನ ಹತ್ತಿರ ಮಾತ್ರ. "ಹಾಗಾದ್ರೆ ನಾವು ಬರ್ಲೇಬೇಕು," ಎಂದು ಅವನು ಇನ್ನು ಮೂರು ಟಿಕೆಟ್ಟು ಹುಡುಕಲು ಕುಳಿತ. ಅವನ ದನಿಯಲ್ಲಿದ್ದ ನೆಮ್ಮದಿಯನ್ನು ರೇಣುಕಾ ಕೇಳಿಸಿಕೊಂಡರು. ಗಂಡನನ್ನು ಬಯ್ಯಲೂ ಇಲ್ಲ.

ಬಯ್ದಿದ್ದರೆ ಬದರಿನಾಥರಿಗೆ ಎಷ್ಟೋ ಸುಖವಾಗಿರುತ್ತಿತ್ತು. ರೇಣುಕಾ ಒಂದು ಪಟ್ಟಿ ಬರೆಯಲು ಶುರುಮಾಡಿದರು. ಪುಟ್ಟ ರೈಸ್ ಕುಕ್ಕರು, ಎರಡು ಕಿಲೋ ಸೋನಾ ಮಸೂರಿ, ಸಾರಿನ ಪುಡಿ, ಉಪ್ಪಿನಕಾಯಿ, ಅದ್ವಿಕಾಗೆ ಚಪಾತಿ ಹಿಟ್ಟು, ಸುಹಾಸನಿಗೆ ಕಾಫಿ ಪುಡಿ, ಫಿಲ್ಟರು. ಬುಕಿತ್ ಪಂಜಾಂಗಿನ ಅಡುಗೆಮನೆ ಸ್ಪೇನಿಗೆ ಹೊರಟಿತ್ತು. ಮೇಜಿನ ಸುತ್ತಿನ ಓಟ ನಿಂತಿತು. "ಅಜ್ಜಿ, ಟುಡೇ ನೋ ಡ್ರೈವಿಂಗ್ ಆ?" ಎಂದು ಅದ್ವಿಕಾ ವಿಷಲ್ ಹಿಡಿದು ಬಂದರೆ, "ಇಲ್ಲ ಪುಟ್ಟ, ಅಪ್ಪ ಓಡಿಸ್ತಾನೆ," ಎಂದರು.

ಬುಧವಾರ ಮಧ್ಯಾಹ್ನ ಊಟಕ್ಕೆ ಕುಳಿತ ಬದರಿನಾಥರ ಮುಂದೆ ರೇಣುಕಾ ತಟ್ಟೆ ಇಟ್ಟು ಅನ್ನ ಬಡಿಸಿದರು. ಅದೇ ಸ್ಟೀಲ್ ತಟ್ಟೆ. ಸ್ಟೀರಿಂಗು ಮತ್ತೆ ತಟ್ಟೆಯಾಗಿ ಅನ್ನ ಹುಳಿ ಹೊತ್ತು ಬಂದಿತ್ತು. ಬದರಿನಾಥ್ ಕಲಸಿದ ತುತ್ತನ್ನು ತಟ್ಟೆಗೇ ಹಾಕಿದರು. ಮಗನಿಗೆ ಒಂದು ದಿನವೂ ಬೇಡ ಎಂದವರಲ್ಲ ಅವರು, ಹೆಂಡತಿಗೆ ಕೊಡಿಸುತ್ತೇನೆ ಎಂದದ್ದನ್ನು ಮುಂದೂಡಿದ್ದಕ್ಕೆ ಮಾತ್ರ ಲೆಕ್ಕವಿಲ್ಲ. ಅರ್ಧಕ್ಕೆ ಎದ್ದು ಕೈ ತೊಳೆದು ರೂಮಿನ ಬಾಗಿಲು ಹಾಕಿಕೊಂಡರು. ಸ್ಪೇನಿನಲ್ಲಿ ಬೆಳಗಾಗುವುದನ್ನೇ ಕಾದು ಒಂದಾದ ಮೇಲೊಂದು ಬಾಡಿಗೆ ಅಂಗಡಿಗೆ ಫೋನು ಹಚ್ಚಿದರು. ಆರನೆಯ ಅಂಗಡಿಯಲ್ಲಿ ಒಂದು ಗಾಡಿ ಸಿಕ್ಕಿತು. ಈ ಸಲ ಸಣ್ಣಕ್ಷರವನ್ನು ಎರಡು ಸಲ ಓದಿದರು.

ರಾತ್ರಿ ಊಟಕ್ಕೆ ಎಲ್ಲರೂ ಕೂತಿದ್ದಾಗ ಗಂಟಲು ಸರಿಮಾಡಿಕೊಂಡರು. "ಬೇರೆ ಕಾರು ಬುಕ್ ಮಾಡಿದೀನಿ. ಆಟೋಮ್ಯಾಟಿಕ್. ಡ್ರೈವರ್ ಹೆಸರು ರೇಣುಕಾ ಬದರಿನಾಥ್. ಒಂದೇ ಹೆಸರು."

ರೇಣುಕಾ ಸೌಟು ಹಿಡಿದವರು ಹಾಗೇ ನಿಂತರು.

"ಅಪ್ಪ, ನಾಳೆ ಟಿಕೆಟ್ ತಗೋಬೇಕು ಅಂತಿದ್ನಲ್ಲ ನಾನು!"

"ತಗೋಬೇಡ. ನೀನು ಬರೋದು ಬೇಡ."

"ಅಂದ್ರೆ?"

"ಮದುವೆ ಆದ್ಮೇಲೆ ನೀನು ನವ್ಯಾ ಬಾಲಿಗೆ ಹೋದ್ರಲ್ಲ, ನಾನು ಹಿಂದೆ ಬಂದಿದ್ನಾ?"

"ಅಪ್ಪ, ಅದು ಹನಿಮೂನ್!"

"ಇದೂ ಅದೇ ಅಂತ ತಿಳ್ಕೋ."

"ಥೂ, ಮಗು ಮುಂದೆ ಏನ್ರೀ ಇದು," ಎಂದು ರೇಣುಕಾ ಅಡುಗೆಮನೆಗೆ ಓಡಿದರು. ನವ್ಯಾ ನಕ್ಕು ನಕ್ಕು ಕೆಮ್ಮತೊಡಗಿದಳು. "ಮಾವ, ಸೂಪರ್!" ಹನಿಮೂನ್ ಎಂದರೇನು ಎಂದು ಅದ್ವಿಕಾ ಕೇಳಿದ್ದಕ್ಕೆ ಸುಹಾಸ್ ಅವಳ ತಟ್ಟೆಗೆ ಇನ್ನೊಂದು ಹಪ್ಪಳ ಹಾಕಿದ. ಒಳಗೆ ರೇಣುಕಾ ಪಟ್ಟಿಯನ್ನು ಹರಿದು ಬುಟ್ಟಿಗೆ ಹಾಕಿದರು. ಸಂತೋಷಕ್ಕೆ ಏನು ಮಾಡಬೇಕೆಂದು ತೋಚದೆ ಗ್ಯಾಸಿನ ಮೇಲೆ ಹಾಲಿಟ್ಟು ಉಕ್ಕಿಸಿಬಿಟ್ಟರು.

ಸುಹಾಸ್ ಎರಡು ದಿನ ಮುಖ ದಪ್ಪ ಮಾಡಿಕೊಂಡಿದ್ದ. ಮೂರನೆಯ ದಿನ ಸರಿಹೋದ. ಏರ್‌ಪೋರ್ಟಿನಲ್ಲಿ ಅಮ್ಮನ ಕೈ ಹಿಡಿದು, "ಸರ್ಕಲ್‌ನಲ್ಲಿ ಎಡಗಡೆಯಿಂದ ಬರೋರಿಗೆ ದಾರಿ ಬಿಡ್ಬೇಕು, ಮರೀಬೇಡ," ಎಂದ. ಇನ್ನೂ ಏನೋ ಹೇಳಲು ಬಾಯಿ ತೆರೆದವನು ಹೆಂಡತಿಯ ಕಣ್ಣು ನೋಡಿ ಮುಚ್ಚಿಕೊಂಡ.

ಶುಕ್ರವಾರ ಬೆಳಿಗ್ಗೆ ಬಾರ್ಸಿಲೋನಾದಲ್ಲಿ ಸಿಕ್ಕಿದ್ದು ಒಂದು ಬಿಳಿ ಪುಟ್ಟ ಕಾರು. ರೇಣುಕಾ ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಎಡಗಡೆ ಹತ್ತಿದರು. ತಿರುವು ಬಂದಾಗಲೆಲ್ಲ ಇಂಡಿಕೇಟರ್ ಎಂದು ಎಳೆದರೆ ವೈಪರ್ ಆಡುತ್ತಿತ್ತು. ಒಣ ಬಿಸಿಲಲ್ಲಿ ಗಾಜು ಒರೆಸಿಕೊಂಡೇ ಊರು ದಾಟಿದರು. ಹೈವೇಯಲ್ಲಿ ಮುಳ್ಳು ತೊಂಬತ್ತಕ್ಕೆ ಬಂದಾಗ ಬದರಿನಾಥ್ "ತೊಂಬತ್ತು!" ಎಂದು ಕೂಗಿದರು, ರೇಣುಕಾ "ತೊಂಬತ್ತು!" ಎಂದು ತಿರುಗಿ ಕೂಗಿದರು. ಅರವತ್ತರ ಆಚೀಚೆ ನಿಂತವರು ಹೀಗೆ ಕೂಗಬಾರದೆಂದು ಎಲ್ಲೂ ಬರೆದಿಲ್ಲ.

ವಿಲಾಫ್ರಾಂಕಾ ಹತ್ತಿರ ಹೈವೇ ಇಳಿದದ್ದೇ ಎರಡೂ ಕಡೆ ದ್ರಾಕ್ಷಿ. ಸೊಂಟದೆತ್ತರದ ಬಳ್ಳಿಗಳ ಸಾಲು, ಸಾಲಿನ ನಡುವೆ ಬಗ್ಗಿದ ಜನ, ಕ್ರೇಟುಗಳು. "ನೋಡ್ರಿ, ನೋಡ್ರಿ!" ಎನ್ನುತ್ತ ರೇಣುಕಾ ತಾವೂ ನೋಡಿಬಿಟ್ಟರು. ಎದುರಿಗೆ ಸರ್ಕಲ್ಲು. ಇಪ್ಪತ್ತೊಂದು ಸುತ್ತಿನ ತಾಲೀಮೆಲ್ಲ ಹೋಯಿತು, ದೇವಸ್ಥಾನ ಉಳಿಯಿತು. ಗಾಡಿ ಎಡಕ್ಕೆ ಹೊರಳಿ ಪ್ರದಕ್ಷಿಣೆ ಹಾಕತೊಡಗಿತು.

ಎದುರಿನಿಂದ ದ್ರಾಕ್ಷಿ ಹೇರಿದ ಟ್ರ್ಯಾಕ್ಟರು. ಎರಡೂ ಕಿರುಗುಟ್ಟಿ ನಿಂತವು, ನಡುವೆ ನಾಲ್ಕು ಮೊಳ. ಟ್ರ್ಯಾಕ್ಟರಿನ ಮುದುಕ ಬಯ್ಯಲಿಲ್ಲ. ಟೋಪಿ ಹಿಂದಕ್ಕೆ ತಳ್ಳಿ, ಬೆರಳನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ ತೋರಿಸಿ ಕಾಯುತ್ತ ಕುಳಿತ. ರೇಣುಕಾ ಹೇಗೋ ರಿವರ್ಸ್ ತೆಗೆದು ರಸ್ತೆಯ ಅಂಚಿಗೆ ನಿಲ್ಲಿಸಿದರು. ಎಂಜಿನ್ ಆರಿಸಿದರು.

"ನನ್ನ ಕೈಲಾಗಲ್ಲ ರೀ. ಸುಹಾಸ ಹೇಳಿದ್ದೇ ಸರಿ. ಬೇರೆ ಯಾರಾದ್ರೂ ಓಡಿಸ್ಲಿ."

ಬದರಿನಾಥ್ ಸುತ್ತ ನೋಡಿದರು. ದ್ರಾಕ್ಷಿ, ಆಕಾಶ, ದೂರದಲ್ಲೊಂದು ಚರ್ಚಿನ ಗೋಪುರ. "ಬೇರೆ ಯಾರಿದಾರೆ ಇಲ್ಲಿ? ನಂಗಂತೂ ಬರಲ್ಲ. ನೀನೇ ಗತಿ."

"ನಿಮಗೆ ಭಯ ಆಗ್ಲಿಲ್ವಾ?"

"ಆಯ್ತು. ಪ್ರಾಣ ಬಾಯಿಗೆ ಬಂತು. ನೀರು ಕುಡಿ, ಹೊರಡೋಣ."

ರೇಣುಕಾ ನೀರು ಕುಡಿದರು. ಸರ್ಕಲ್ಲಿಗೆ ಹೋದರು. ಎಡಗಡೆಯಿಂದ ಬಂದ ಎರಡು ಕಾರಿಗೆ ದಾರಿ ಬಿಟ್ಟು, ಬಲಕ್ಕೆ ಹೊರಳಿ ಸರಿಯಾಗಿ ಒಂದು ಸುತ್ತು ಬಂದರು. ಹೊರಗೆ ಹೋಗುವ ದಾರಿ ಬಂದರೂ ಹೋಗದೆ ಇನ್ನೊಂದು, ಮತ್ತೊಂದು ಸುತ್ತು. ಮೂರನೆಯ ಸುತ್ತಿಗೆ ಬದರಿನಾಥ್ ನಗತೊಡಗಿದ್ದರು. ಹೊರಬಿದ್ದಾಗ ಇಬ್ಬರ ಕಣ್ಣಲ್ಲೂ ನೀರಿತ್ತು.

ಆಮೇಲಿನದು ಬರೀ ಸಂಭ್ರಮ. ಟಾರಗೋನಾದಲ್ಲಿ ಸಮುದ್ರಕ್ಕೆ ಮುಖ ಮಾಡಿದ ರೋಮನ್ನರ ಕಲ್ಲಿನ ಮೆಟ್ಟಿಲ ಮೇಲೆ ಕುಳಿತು ಟೊಮೆಟೊ ಉಜ್ಜಿದ ಬ್ರೆಡ್ಡು ತಿಂದರು. ಬದರಿನಾಥ್ "ಮಾಂಸ ಬೇಡ, ಮೀನೂ ಬೇಡ" ಎಂದು ಒಪ್ಪಿಸಿದ ರೀತಿಗೆ ಅಂಗಡಿಯವಳು ಚಪ್ಪಾಳೆ ತಟ್ಟಿದಳು. ಶನಿವಾರ ಮೊಂಟ್‌ಬ್ಲಾಂಕಿನ ಕೋಟೆ ಬಾಗಿಲಲ್ಲಿ ರೇಣುಕಾ ಒಂದೇ ಸಲಕ್ಕೆ ಸಂದಿಯಲ್ಲಿ ಪಾರ್ಕ್ ಮಾಡಿದರು. ಅದರ ಫೋಟೊ ತೆಗೆದು ಮನೆಗೆ ಕಳಿಸಿದರು, ಕೋಟೆಯದನ್ನು ಕಳಿಸಲು ಮರೆತರು. ನವ್ಯಾ ಹೃದಯದ ಚಿತ್ರ ಹತ್ತು ಕಳಿಸಿದಳು. ಸುಹಾಸ್ ಬರೆದದ್ದು ಒಂದು ಸಾಲು: "ಟೈರ್ ಸ್ವಲ್ಪ ಗೆರೆ ಮೇಲಿದೆ."

ಮಧ್ಯಾಹ್ನ ಪ್ರಿಯೊರಾತಿನ ಬೆಟ್ಟದ ದಾರಿ. ಒಂದರ ಮೇಲೊಂದು ತಿರುವು, ಕಲ್ಲಿನ ಇಳಿಜಾರಿನಲ್ಲೂ ದ್ರಾಕ್ಷಿ. ಪೊರೆರಾ ಎಂಬ ಊರಿನ ಒಂದು ಸಣ್ಣ ವೈನ್ ಮನೆಯಲ್ಲಿ, ಮನೆಯೊಡತಿ ಎರಡು ಲೋಟಕ್ಕೆ ಸುರಿಯಲು ಹೋದಳು. ರೇಣುಕಾ ಒಂದು ಲೋಟದ ಮೇಲೆ ಅಂಗೈ ಮುಚ್ಚಿ, ಇನ್ನೊಂದು ಕೈಯಲ್ಲಿ ಕಾರಿನ ಕೀ ಎತ್ತಿ ತೋರಿಸಿದರು. "ಡ್ರೈವರ್!" ಅಷ್ಟು ಹೆಮ್ಮೆಯಿಂದ ಅವರು ತಮ್ಮನ್ನು ತಾವು ಏನೆಂದೂ ಕರೆದುಕೊಂಡಿರಲಿಲ್ಲ. ಒಡತಿ ಹೊಟ್ಟೆತುಂಬ ನಕ್ಕು ಅವರಿಗೆ ಆಗಷ್ಟೇ ಹಿಂಡಿದ ದ್ರಾಕ್ಷಿ ರಸ ಕೊಟ್ಟಳು. ಬದರಿನಾಥ್ ಅರವತ್ತಮೂರು ವರ್ಷದಲ್ಲಿ ಮೊದಲ ಸಲ ವೈನ್ ಬಾಯಿಗಿಟ್ಟರು. "ಒಗರು," ಎಂದರು. ಆಮೇಲೆ ಒಗರು ಹೋಯಿತೋ ನೋಡಲು ಇನ್ನೊಂದಿಷ್ಟು ಕುಡಿದರು.

ಅಲ್ಲಿಂದ ಫಾಲ್ಸೆಟ್ ಊರಿನ ಹೋಟೆಲಿಗೆ ಹೋಗಿ ಮಲಗುವುದೆಂದು ಲೆಕ್ಕ. ಇಳಿಬಿಸಿಲು. ನಾಲ್ಕು ತಿರುವು ಕಳೆಯಿತು, ಪಕ್ಕದಿಂದ ಮಾತು ನಿಂತಿತು. ರೇಣುಕಾ ಓರೆಗಣ್ಣಲ್ಲಿ ನೋಡಿದರು. ಬದರಿನಾಥ್ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು. ಕೈ ಹಿಡಿಯಲ್ಲಿಲ್ಲ, ಕಾಲು ನೆಲ ತುಳಿಯುತ್ತಿಲ್ಲ. ಒಂದು ಪಕ್ಕ ಪ್ರಪಾತವಿದ್ದ ದಾರಿಯಲ್ಲಿ, ರೇಣುಕಾ ಓಡಿಸುತ್ತಿದ್ದ ಗಾಡಿಯಲ್ಲಿ, ಮನೆಯ ಸೋಫಾದಲ್ಲಿ ಮಲಗಿದಂತೆ ಮಲಗಿದ್ದರು. ರೇಣುಕಾಗೆ ಎದೆ ತುಂಬಿ ಬಂತು.

ಫೋನು ಅಲುಗಿತು, ಸಿಂಗಪುರದ ಮಧ್ಯರಾತ್ರಿಯಲ್ಲೂ ಮಲಗದ ಸುಹಾಸ್. ಗಾಡಿ ಓಡಿಸುವಾಗ ಫೋನು ತೆಗೆಯಬಾರದು. ತೆಗೆಯಲಿಲ್ಲ.

ಬದರಿನಾಥ್ ಕಣ್ಣು ಬಿಟ್ಟಾಗ ಎದುರಿಗೆ ಅಗಲವಾದ ಹೊಳೆ, ಅದರ ಮೇಲೆ ಸೇತುವೆ.

"ಇದ್ಯಾವುದೇ ನದಿ?"

"ಎಬ್ರೋ."

"ಹೋಟೆಲ್ಲು?"

"ಹಿಂದೇನೇ ಹೋಯ್ತು, ಅರ್ಧ ಗಂಟೆ ಆಯ್ತು."

"ದಾರಿ ತಪ್ಪಿದ್ಯಾ?"

"ಇಲ್ಲ ರೀ. ನೀವು ಮಲಗಿದ್ರಿ, ರಸ್ತೆ ಚೆನ್ನಾಗಿತ್ತು. ನಂಗೆ ಇನ್ನೂ ಓಡಿಸ್ಬೇಕು ಅನ್ನಿಸ್ತು."

ಬದರಿನಾಥ್ ಗಡಿಯಾರ ನೋಡಲಿಲ್ಲ, ಮ್ಯಾಪು ತೆಗೆಯಲಿಲ್ಲ. ಸೀಟು ಇನ್ನೊಂದಿಷ್ಟು ಹಿಂದಕ್ಕೆ ವಾಲಿಸಿ ಕಾಲು ಚಾಚಿದರು.

"ಸರಿ, ಓಡ್ಸು."